ಭಾಗೀರಥಿ ಹಿಡಿದ ಕತ್ತರಿ

ಫೆಬ್ರವರಿ 22, ಭಾನುವಾರ

ಭಾಗೀರಥಿ ಹಾಗೆ ಮಾಡುವವಳಲ್ಲ. ವರ್ಷಗಟ್ಟಲೆ ದಿನಾ ಸಂಜೆ ಮಗ್ಗ ನಿಲ್ಲಿಸಿ ಅವಳ ಧಾರಾವಾಹಿ ನೋಡಿದವಳು ನಾನು, ನನಗೆ ಗೊತ್ತು. ಅದರಲ್ಲಿ ಗಂಡ ಬಿಟ್ಟುಹೋದಾಗಲೂ ಅವಳು ಮಗ್ಗ ಬಿಡಲಿಲ್ಲ. ಇವತ್ತು ಚಳ್ಳಕೆರೆಯಲ್ಲಿ ನೋಡಿದ ಆ ಧಾರಾವಾಹಿಯ ಸಿನಿಮಾದಲ್ಲಿ ಅದೇ ಭಾಗೀರಥಿ ಮಗ್ಗದ ಹಾಸನ್ನು, ಉದ್ದಕ್ಕೆ ಬಿಗಿದ ಎಳೆಗಳನ್ನೆಲ್ಲ, ಕತ್ತರಿಸಿ, ನಗುತ್ತಾ ಹೊರಗೆ ನಡೆದುಬಿಟ್ಟಳು. ಜನ ಶಿಳ್ಳೆ ಹೊಡೆದರು.

ಸಿನಿಮಾ ಮಾಡಿದವರು ಮಗ್ಗ ಕಂಡವರಲ್ಲ. ಸೀರೆ ಮುಗಿದರೂ ಹಳೇ ಹಾಸಿನ ತುದಿಯನ್ನು ನಾವು ಮಗ್ಗದಲ್ಲೇ ಉಳಿಸಿ, ಹೊಸ ಎಳೆಗಳನ್ನು ಅದಕ್ಕೇ ಹೊಸೆಯುತ್ತೇವೆ. ಮಾವನವರು ಹೂಡಿದ್ದು ಇನ್ನೂ ಹಾಗೇ ನಡೆದಿದೆ. ಎಲ್ಲ ಕತ್ತರಿಸುವುದು ಮಗ್ಗ ಕಿತ್ತುಹಾಕುವ ದಿನ ಮಾತ್ರ.

ಅತ್ತೆ ತಡೆಯಲಾರದೆ ತೆರೆಯ ಕಡೆಗೇ ತೆಲುಗು ಬೆರೆಸಿ ಕೂಗಿದರು: "ವದ್ದಮ್ಮಾ, ಕತ್ತರಿಸ್ಬ್ಯಾಡ!" ಅವರ ಆಚೆ ಕೂತಿದ್ದ ನನ್ನ ಗಂಡ ದೇವೇಂದ್ರ ಚಪ್ಪಾಳೆ ತಟ್ಟಿದರು. ಧಾರಾವಾಹಿ ಶುರುವಾದರೆ ಎದ್ದುಹೋಗುತ್ತಿದ್ದ ಮನುಷ್ಯ.

ಬಸ್ಸಿನಲ್ಲಿ ಮೊಳಕಾಲ್ಮುರಿಗೆ ವಾಪಸ್ಸಾದೆವು. ಇಳಿಯುವಾಗ ದೇವೇಂದ್ರ, "ಎಷ್ಟು ಹಗುರಾಗಿ ನಡ್ಕೊಂಡು ಹೋದ್ಳು, ಅಲ್ವಾ?" ಎಂದರು.

ನಿನ್ನೆಯಷ್ಟೇ ಒಂದು ಸೀರೆ ಮುಗಿದಿದೆ. ನಾಳೆ ಹೊಸ ಹಾಸು ಹೊಸೆಯಬೇಕು. ಅದಕ್ಕೆ ಬೇಕಾದ ರೇಷ್ಮೆಯನ್ನು ಅವರು ತಂದೇ ಇಲ್ಲ.

ಊಟವಾದ ಮೇಲೆ ಮಗ್ಗದ ಕೋಣೆಯಿಂದ ಕೂಗಿದರು: "ಚೌಡಿ, ಕತ್ತರಿ ಎಲ್ಲೈತೆ?"

"ನಾ ನೋಡಿಲ್ರಿ" ಅಂದೆ. ಅದು ನನ್ನ ತೊಡೆಯ ಮೇಲಿದೆ. ಅದನ್ನು ಹಿಡಿದುಕೊಂಡೇ ಬರೆಯುತ್ತಿದ್ದೇನೆ.

ಅವರ ಹೆಜ್ಜೆ ಮಗ್ಗದ ಕೋಣೆಯಿಂದ ಹೊರಬಂತು. ಈಗ ಅಡುಗೆಮನೆಯ ದೀಪ ಹತ್ತಿತು. ಈಳಿಗೆಯನ್ನು ಬಚ್ಚಿಡಬೇಕೆಂದು ನನಗೆ ಹೊಳೆಯಲೇ ಇಲ್ಲ.