ನಾಲ್ವರಿಗೆ ಒಂದೇ ಡ್ರಾಫ್ಟ್

ಮಸ್ಕತ್, ೧೨-೩-೧೯೯೮

ಅಕ್ಕನಿಗೆ ನಮಸ್ಕಾರ.

ಕಮಿಷನ್ ಉಳಿಸಲು ಈ ಸಲವೂ ನಾವು ನಾಲ್ವರು ಸೇರಿ ನಿನ್ನ ಹೆಸರಿಗೆ ಒಂದೇ ಡ್ರಾಫ್ಟ್ ಮಾಡಿಸಿದ್ದೇವೆ. ಸಹಿ ಹಾಕುವ ಸರದಿ ಹೊಂಗಡಹಳ್ಳದ ಮೋಹನನದು. ಅವನ ಅಕ್ಕ ತೀರಿಕೊಂಡು ಹದಿನೈದು ದಿನವಾಯಿತು. ರಜೆ ಸಿಗದೆ ಮಣ್ಣಿಗೂ ಹೋಗಲಾಗಲಿಲ್ಲ. ಫಾರಂ ತುಂಬುತ್ತಿದ್ದವನು, ಹಣ ಪಡೆಯುವವರು ನಿಮಗೆ ಏನಾಗಬೇಕು ಎಂದು ಕೇಳಿದ್ದ ಕಡೆ ಪೆನ್ನು ಹಿಡಿದು ನಿಂತುಬಿಟ್ಟ. ಹಿಂದಿನ ಸಾಲಿನವರು ಗದ್ದಲ ಮಾಡಿದರು.

"ಗೆಳೆಯನ ಅಕ್ಕ ಅಂತ ಬರಿಯೋ" ಎಂದೆ.

"ಇಲ್ಲ ಮಾರಾಯ, ಅಕ್ಕ ಅಂತ್ಲೇ ಬರಿತೀನಿ ಬುಡು" ಅಂದ.

ಅವನ ಪಾಲು ಒಯ್ಯಲು ಅವನ ಅಕ್ಕನ ಹಾಗೆ ಇನ್ನು ಯಾರೂ ಯಸಳೂರಿನ ನಿನ್ನ ಮನೆಗೆ ಬರುವುದಿಲ್ಲ. ನೀನೇ ಬಸ್ಸು ಹತ್ತಿ ಹೋಗಿ ಅವನ ತಾಯಿಯ ಕೈಗೆ ಕೊಡು. ಕೊಟ್ಟ ಕೂಡಲೇ ಏಳಬೇಡ, ಕಾಫಿ ಕುಡಿದು ಬಾ.

ನನ್ನ ಕೆಮ್ಮು ವಾಸಿಯಾಗಿದೆ. ಕಾರ್ಡು ತುಂಬಿತು.

ನಿನ್ನ ತಮ್ಮಂದಿರು,
ಲಿಂಗರಾಜು, ಮೋಹನ