ಅತ್ತೆ ಒಪ್ಪಿದ ಆರು ವಾಕ್ಯಗಳು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಮಗು ಈಗಷ್ಟೇ ಮಲಗಿದೆ. ಏಳುವುದರೊಳಗೆ ಹೇಳಿಬಿಡುತ್ತೇನೆ. ನಾವಿಬ್ಬರೂ ಸೇರಿ ಬರೆದ ವ್ಯಾಕರಣದ ಲೇಖನವನ್ನು ಶುಕ್ರವಾರ ಕಳಿಸಬೇಡಿ.

ನಾನು ಕಟ್ಟಿದ ಆರು ಉದಾಹರಣೆ ವಾಕ್ಯಗಳಿರುವ ಮೂರನೆಯ ಭಾಗದ ಪಕ್ಕದಲ್ಲಿ ನೀವು ಪೆನ್ಸಿಲಿನಲ್ಲಿ ಬರೆದಿದ್ದಿರಿ: "ಆರಕ್ಕೆ ಆರೂ ವಾಕ್ಯ ಸರಿ ಅಂದರಾ ನಿನ್ನ ಅತ್ತೆ? ಇನ್ನೊಮ್ಮೆ ಕೇಳಿ ನೋಡು." ಓದಿ ಮೈಯೆಲ್ಲ ಉರಿದಿತ್ತು. ಆ ಭಾಷೆ ಅತ್ತೆಯ ತವರಿನದು, ಅವರು ಹುಟ್ಟಿನಿಂದ ಆಡಿದ್ದು, ಅವರಿಗಿಂತ ನಿಮಗೆ ಹೆಚ್ಚು ಗೊತ್ತಾ ಅಂದುಕೊಂಡೆ. "ಕೇಳಿದೆ, ಸರಿಯಿದೆ" ಅಂತ ನಿಮಗೆ ಬರೆದೂ ಬಿಟ್ಟೆ. ಇನ್ನೊಮ್ಮೆ ಕೇಳಿರಲಿಲ್ಲ.

ನಿನ್ನೆ ಅತ್ತೆ ಮಗುವಿನ ಬಟ್ಟೆ ಮಡಚುತ್ತಿದ್ದರು. ಮನಸ್ಸು ತಡೆಯದೆ ಹಾಳೆ ಹಿಡಿದು ಪಕ್ಕದಲ್ಲಿ ಕೂತೆ. ಮೊದಲ ವಾಕ್ಯ ಓದಿದ್ದೇ ತಡ, "ಹೀಗೆ ಯಾರಮ್ಮ ಮಾತಾಡ್ತಾರೆ?" ಅಂದರು. ಎರಡನೆಯದಕ್ಕೆ ನಕ್ಕೇಬಿಟ್ಟರು. ಮತ್ತೆ ಅವತ್ತು ಸರಿ ಅಂದಿರಲ್ಲ ಅಂದೆ. ಮಡಚುವ ಕೈ ನಿಲ್ಲಿಸದೆ ಹೇಳಿದರು: "ಅವತ್ತು ನಿನ್ನ ಮುಖ ನೋಡೋ ಹಾಗಿರಲಿಲ್ಲ. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ ನೀನು. ಸರಿ ಅಂದರೆ ಹಾಳೆ ಎತ್ತಿಟ್ಟು ಮಲಗ್ತೀಯ ಅಂತ ಎಲ್ಲಕ್ಕೂ ಸರಿ ಅಂದೆ. ಮಲಗಿದೆಯಲ್ಲ?"

ಮಲಗಿದ್ದೆ, ಅಕ್ಕ. ಎರಡು ಗಂಟೆ, ಗಡದ್ದಾಗಿ.

ಆರರಲ್ಲಿ ಸರಿ ಅಂತ ಉಳಿದದ್ದು ಎರಡು. ಮೂರನೆಯ ಭಾಗ ಬಿದ್ದುಹೋಯಿತು, ಅದಿಲ್ಲದೆ ಲೇಖನ ನಿಲ್ಲುವುದಿಲ್ಲ. ಈ ವರ್ಷ ಲೇಖನ ತೋರಿಸದಿದ್ದರೆ, ಹೆರಿಗೆ ರಜೆ ಮುಗಿದ ಮೇಲೆ ವಿಭಾಗದಲ್ಲಿ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ. ಆದರೂ ತಿದ್ದಿದ ಹಾಳೆ ಇದರ ಜೊತೆಗಿಟ್ಟಿದ್ದೇನೆ. ತಪ್ಪಾದ ನಾಲ್ಕರಲ್ಲಿ ಎರಡಕ್ಕೆ ನಾನು ನಕ್ಷತ್ರ ಹಾಕುವಾಗ ಅದೇನು ಅಂತ ಅತ್ತೆ ಕೇಳಿದರು. ನಮ್ಮ ಭಾಷಾಶಾಸ್ತ್ರದಲ್ಲಿ ಅದು ತಪ್ಪಿನ ಗುರುತು ಅಂದೆ. "ತಪ್ಪಿಗೆ ಇಷ್ಟು ಚೆಂದದ ಗುರುತಾ!" ಅಂತ ಉಳಿದ ಎರಡಕ್ಕೆ ತಾವೇ ಹಾಕಿದರು. ಸೊಟ್ಟಗಿರುವ ಎರಡು ಅವರವು.

ಬೈದರೆ ಬೈಸಿಕೊಳ್ಳುತ್ತೇನೆ. ಮೊದಲಿಂದ ಬರೆಯಲು ನನ್ನ ಜೊತೆ ಕೂರುತ್ತೀರಾ, ಅಷ್ಟು ಹೇಳಿ.

ನಿಮ್ಮ
ನಿದ್ದೆಗೇಡಿ

ತಾ.ಕ.: ಕೇಳಲೋ ಬೇಡವೋ ಅಂದುಕೊಳ್ಳುತ್ತಲೇ, ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಮಗು ಹುಟ್ಟಿದ ಎಂಟನೆಯ ದಿನ ನಿಮಗೆ ಇದೇ ಲೇಖನದ ಮೊದಲ ಕರಡು ಕಳಿಸಿದ್ದೆ. ಮೂವತ್ತು ಪುಟಕ್ಕೆ ನೀವು ಬರೆದದ್ದು ಇಷ್ಟೇ: "ಚೆನ್ನಾಗಿದೆ, ಮಲಗಿಕೋ." ಅದೂ ಅತ್ತೆಯ 'ಸರಿ'ಯಂಥದ್ದೇನಾ? ಆ ಕರಡನ್ನು ಈಗ ಪೆನ್ಸಿಲ್ ಹಿಡಿದು ಓದಿ.