ಸುಮುಖ ಕೊಟ್ಟ ವಿಳಾಸ

ಹೆಂಡರ್ಸನ್, ಆಕ್ಲೆಂಡ್
21 ಜುಲೈ 2024

ಪ್ರೀತಿಯ ಕಾಮಾಕ್ಷಕ್ಕನಿಗೆ ಶಾಂತಾ ಮಾಡುವ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲವೆಂದು ಸಿಟ್ಟು ಮಾಡಿಕೊಂಡಿರುತ್ತೀಯ. ಮಾಡಿಕೋ. ಫೋನಿನಲ್ಲಿ ಹೇಳಿ ಮುಗಿಯುವ ಕಥೆಯಲ್ಲ, ಅದಕ್ಕೇ ಕಾಗದ. ಮೊದಲು ನೀನು ಕಾಯುತ್ತಿರುವ ಸುದ್ದಿ: ನಮ್ಮ ಸುಮುಖನಿಗೆ ಜೈಲಾಗಲಿಲ್ಲ. ಗೃಹಬಂಧನ, ಮನೆ ಬಿಟ್ಟು ಹೊರಟರೆ ಗೊತ್ತಾಗುವಂತೆ ಕಾಲಿಗೊಂದು ಪಟ್ಟಿ. ಚಾಮುಂಡಿಗೆ ಹೊತ್ತ ಹರಕೆ ತೀರಿಸಿಬಿಡು.

ಸೈಕಲ್ಲಿನಲ್ಲಿ ಹೋಗುತ್ತಿದ್ದ ಕಾಲಿನ್ ಎಂಬ ಮುದುಕರಿಗೆ ಕಾರು ಗುದ್ದಿದ್ದು ತಾನೇ, ಅತಿ ವೇಗದಲ್ಲಿದ್ದೆ ಎಂದು ಅವನು ಮೊದಲೇ ಒಪ್ಪಿಕೊಂಡಿದ್ದ. ಒಪ್ಪದಿದ್ದದ್ದು ಒಂದನ್ನೇ, ಆಗ ಕೈಯಲ್ಲಿ ಫೋನ್ ಇತ್ತೆಂಬ ಪೊಲೀಸರ ಮಾತನ್ನು. ತಪ್ಪೊಪ್ಪಿಕೊಂಡ ಮೇಲೂ ಇಂಥ ತಕರಾರು ಉಳಿದರೆ ಇಲ್ಲಿ ಜಡ್ಜೇ ಸಾಕ್ಷಿ ಕೇಳಿ ತೀರ್ಮಾನಿಸುತ್ತಾರೆ, ಆಮೇಲೆ ಶಿಕ್ಷೆ. ಫೋನ್ ಇತ್ತೆಂದಾಗಿದ್ದರೆ ಜೈಲೇ ಗತಿ. ಕೆಲವು ವರ್ಷಗಳ ಹಿಂದೆ ಫೋನ್ ನೋಡುತ್ತಾ ಇನ್ನೊಂದು ಕಾರಿಗೆ ಗುದ್ದಿ ಅವನಿಗೆ ಶಿಕ್ಷೆಯಾಗಿತ್ತಲ್ಲ.

ನಾನೇನು ಮಾಡಿದೆ ಗೊತ್ತಾ? ಯಾರಿಗೂ ಹೇಳದೆ ಹಣ್ಣು, ರವೆ ಉಂಡೆ ಹಿಡಿದು ಕಾಲಿನ್ ಮನೆಗೆ ಹೋದೆ. ಚಿಕ್ಕಂದಿನಲ್ಲಿ ನಾವು ಯಾರ ಮಕ್ಕಳನ್ನಾದರೂ ಹೊಡೆದು ಬಂದರೆ ಅಮ್ಮ ಹೀಗೇ ಹೋಗುತ್ತಿದ್ದಳಲ್ಲ, ಮಾಡಿದ್ದಕ್ಕೂ ಮಾಡದ್ದಕ್ಕೂ ಸೇರಿಸಿ "ಎಲ್ಲಾ ನಮ್ದೇ ತಪ್ಪು ಕಣ್ರೀ" ಎನ್ನುತ್ತಾ. ನಾನೂ ಕೈಮುಗಿದು, "ನಮ್ಮ ಹುಡುಗ ಫೋನ್ ನೋಡ್ತಾ ಇದ್ದ, ಕ್ಷಮಿಸಿಬಿಡಿ" ಎಂದೆ. ಕಾಲಿನ್ ಹೆಂಡತಿ ನನ್ನ ಕೈ ಹಿಡಿದು ಅತ್ತಳು, ಟೀ ಕೊಟ್ಟಳು. ಆಮೇಲೆ ಕೋರ್ಟಿನಲ್ಲಿ ನಾನಂದದ್ದನ್ನು ಹಾಗೇ ಹೇಳಿದಳು. ಪಾಪ, ಸುಳ್ಳೇನೂ ಹೇಳಲಿಲ್ಲ.

"ಆಂಟಿ, ಏನ್ ಮಾಡ್ಬಿಟ್ರಿ! ಕ್ಷಮೆ ಕೇಳೋಕ್ ಹೋಗಿ ಸಾಕ್ಷಿ ಹೇಳ್ಬಂದಿದೀರಲ್ಲ!" ಎಂದು ನಮ್ಮ ವಕೀಲೆ ವಸುಂಧರಾ ತಲೆ ಚಚ್ಚಿಕೊಂಡಳು. ನನ್ನನ್ನೂ ಕಟಕಟೆ ಹತ್ತಿಸಿದಳು. "ನಿಮ್ಮ ಮಗ ನಿಮಗೆ ಹಾಗೆ ಹೇಳಿದ್ದನೇ?" ಎಂದರು ಜಡ್ಜಮ್ಮ. ಇಲ್ಲ ಎಂದೆ. "ಮತ್ತೇಕೆ ಹಾಗಂದಿರಿ?" ನಮ್ಮಲ್ಲಿ ಕ್ಷಮೆ ಕೇಳುವ ರೀತಿಯೇ ಹಾಗೆ ಎಂದೆ. ಸುಮುಖ ನನ್ನ ಮುಖವನ್ನೇ ನೋಡುತ್ತಿದ್ದ.

ಫೋನ್ ಇತ್ತೆಂಬುದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿಲ್ಲ ಎಂದು ಜಡ್ಜಮ್ಮ ತೀರ್ಮಾನಿಸಿದರು. ಹೋದ ವಾರ ಶಿಕ್ಷೆ ಹೇಳುವಾಗ ಹಳೆಯ ಕೇಸಿಗೆಂದು ಸ್ವಲ್ಪ ಹೆಚ್ಚಿಸಿದರು, ನಿಜ. ಆದರೆ ಅಂದು ಮಾಡಿದ್ದನೆಂದು ಇಂದೂ ಮಾಡಿರಬೇಕೆಂದು ತಾನು ಊಹಿಸಲಾರೆ ಎಂದರು. ಗುರುತು ಪರಿಚಯವಿಲ್ಲದ ಹೆಂಗಸು, ಅಕ್ಕ! ನನಗೆ ಅಳು ತಡೆಯಲಾಗಲಿಲ್ಲ.

ಕಾಲಿನ್ ಈಗ ಕೋಲೂರಿ ಓಡಾಡುತ್ತಾರಂತೆ. ಅವರ ಹೆಸರಿನಲ್ಲೂ ಒಂದು ದೀಪ ಹಚ್ಚು. ಭಾವನವರಿಗೆ ನಮಸ್ಕಾರ, ಮೊಮ್ಮಗಳು ಮಾನ್ಯಳಿಗೆ ನನ್ನ ಆಶೀರ್ವಾದ. ನೂರು ಕಾಲ ತಣ್ಣಗಿರಲಿ ಮಗು.

ನಿನ್ನ ತಂಗಿ,
ಶಾಂತಾ

ತಾ.ಕ.: ಸುಮುಖನಿಗೆ ಚಟ್ನಿಪುಡಿ ಕಳಿಸುವುದಾದರೆ ಇಲ್ಲಿಗೆ ಕಳಿಸಬೇಡ. ಅವನ ಕೋಣೆ ಒಪ್ಪ ಮಾಡಿ, ಹೊಸ ಹೊದಿಕೆ ಹಾಸಿ ಇಟ್ಟಿದ್ದೆ. ಗೃಹಬಂಧನಕ್ಕೆ ಯಾವ ಮನೆ ಎಂದು ಕೇಳಿದರೆ ಇಲ್ಲಿಂದ ಆರುನೂರು ಕಿಲೋಮೀಟರು ದೂರದ ಅಪ್ಪರ್ ಹಟ್‌ನಲ್ಲಿರುವ ಗೆಳೆಯ ಶ್ರೀನಿಧಿಯ ವಿಳಾಸ ಕೊಟ್ಟನಂತೆ. ನಾನು ಸಾಕ್ಷಿ ಹೇಳಿದ ದಿನ ಕಾರಿನಲ್ಲಿ ಕೇಳಿದ್ದ, "ರೀತಿ ಗೀತಿ ಎಲ್ಲ ಬಿಡಮ್ಮ. ನಾನು ಫೋನ್ ನೋಡ್ತಿದ್ದೆ ಅಂತ ನೀನು ನಂಬಿದ್ಯಾ?" ನಂಬಿದ್ದೆ ಅಕ್ಕ. ಹಳೆಯ ಕೇಸೊಂದು ಇತ್ತಲ್ಲ, ಅವನನ್ನು ಒಂದು ಮಾತೂ ಕೇಳದೆ ನಂಬಿಬಿಟ್ಟಿದ್ದೆ. ಕಿಟಕಿಯ ಕಡೆ ತಿರುಗಿದೆ. ಪೂರ್ತಿ ವಿಳಾಸ ನಿನಗೆ ಅವನೇ ಕಳಿಸುತ್ತಾನೆ. ನನ್ನ ಹತ್ತಿರ ಇಲ್ಲ.